ಸೂಜಿ ಹಿಡಿಯಲಿರುವವರಿಗೆ

ಅಕ್ಯುಪಂಕ್ಚರ್ ಕಲಿಯುತ್ತಿರುವ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ಇನ್ನು ಸ್ವಲ್ಪ ಕಾಲದಲ್ಲೇ ನಿಮ್ಮೆದುರು ಒಬ್ಬ ರೋಗಿ ಮಲಗಿರುತ್ತಾರೆ. ಸೊಂಟನೋವಿನವರೋ ಮಂಡಿನೋವಿನವರೋ ಇರಬಹುದು. ನೀವು ಸೂಜಿಯ ಪ್ಯಾಕೆಟ್ ಬಿಡಿಸುವಾಗ ಅವರು ಕೇಳಿಯೇ ಕೇಳುತ್ತಾರೆ: “ಡಾಕ್ಟ್ರೇ, ಇದು ಒಳಗೆ ಹೋಗಿ ಏನು ಮಾಡುತ್ತೆ?” ಇದಕ್ಕೊಂದು ಸಿದ್ಧ ಉತ್ತರ ನಮ್ಮ ಊರುಗಳಲ್ಲಿ ಈಗಾಗಲೇ ಚಾಲ್ತಿಯಲ್ಲಿದೆ. “ನಿಮ್ಮ ಪ್ರಾಣಶಕ್ತಿ ಇಲ್ಲಿ ಬ್ಲಾಕ್ ಆಗಿದೆ, ಅದನ್ನು ಬಿಡಿಸ್ತೀವಿ. ಚೀನಾದವರು ಅದನ್ನೇ ಚಿ ಅಂತಾರೆ.” ಈ ಉತ್ತರವನ್ನು ದಯವಿಟ್ಟು ಕೊಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಬಹುಕಾಲ ಶರೀರಕ್ರಿಯಾಶಾಸ್ತ್ರ ಪಾಠ ಹೇಳಿದವನು. ಚೀನೀ ವೈದ್ಯದ ಇತಿಹಾಸ ಓದುವುದು ಆಮೇಲೆ ಹತ್ತಿದ ಗೀಳು. ‘ಚಿ’ ಎಂಬ ಕಲ್ಪನೆಯ ಬಗ್ಗೆ ನನಗೆ ಕಿಂಚಿತ್ತೂ ತಾತ್ಸಾರವಿಲ್ಲ. ಮನುಷ್ಯ ತನ್ನ ಮೈಯನ್ನು ತಾನೇ ಅರ್ಥ ಮಾಡಿಕೊಳ್ಳಲು ಕಟ್ಟಿದ ದೊಡ್ಡ ಕಲ್ಪನೆಗಳಲ್ಲಿ ಅದೂ ಒಂದು. ಅದಕ್ಕೇ, ಅದನ್ನು ಒಂದೇ ವಾಕ್ಯದಲ್ಲಿ ಪ್ರಾಣಕ್ಕೆ ಅಂಟಿಸಿ ಕೈತೊಳೆದುಕೊಳ್ಳುವುದನ್ನು ಕಂಡರೆ ಸಂಕಟವಾಗುತ್ತದೆ. ರೋಗಿಗೆ ಅದರಿಂದ ಅನ್ಯಾಯ. ಎರಡು ಸಾವಿರ ವರ್ಷ ಆ ಕಲ್ಪನೆಯ ಜೊತೆ ಹೆಣಗಾಡಿದ ಚೀನೀ ವೈದ್ಯರಿಗೂ ಅನ್ಯಾಯ.

ಎಲ್ಲಿಂದ ಶುರುವಾಯಿತು ನೋಡೋಣ. ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದುಯಿ ಎಂಬಲ್ಲಿ ಹಾನ್ ಅರಸರ ಕಾಲದ ಸಮಾಧಿಗಳಿವೆ. 1973ರಲ್ಲಿ ಮೂರನೆಯ ಸಮಾಧಿಯನ್ನು ತೆರೆದಾಗ ರೇಷ್ಮೆಯ ಮೇಲೆ ಬರೆದ ಗ್ರಂಥಗಳ ದೊಡ್ಡ ನಿಧಿಯೇ ಸಿಕ್ಕಿತು. ಆ ಸಮಾಧಿಯನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಗ್ರಂಥಗಳಲ್ಲಿ ಕೆಲವು ವೈದ್ಯಕ್ಕೆ ಸಂಬಂಧಿಸಿದವು. ಅವುಗಳಲ್ಲಿ ಮೈಯೊಳಗಿನ ನಾಳಗಳ ವಿವರವಿದೆ: ಯಾವುದು ಎಲ್ಲಿ ಹುಟ್ಟುತ್ತದೆ, ಯಾವ ಕೀಲನ್ನು ದಾಟುತ್ತದೆ, ಕೆಟ್ಟರೆ ಏನೇನು ನೋವು ಬರುತ್ತದೆ ಎಂದು. ನೀವು ಪರೀಕ್ಷೆಗೆ ಬಾಯಿಪಾಠ ಮಾಡುವ ನಾಳಗಳು ಹನ್ನೆರಡು ತಾನೆ? ಅಲ್ಲಿರುವುದು ಹನ್ನೊಂದು. ಒಂದರ ತುದಿ ಇನ್ನೊಂದರ ಬುಡಕ್ಕೆ ಸೇರುವುದಿಲ್ಲ. ಸುತ್ತಿ ಬರುವ ಹರಿವಿನ ಮಾತಿಲ್ಲ. ಸೂಜಿಯ ಸುಳಿವೂ ಇಲ್ಲ. ನಾಳ ಕೆಟ್ಟರೆ ಅದರ ಮೇಲೆ ಶಾಖ ಕೊಡಬೇಕು, ಅಷ್ಟೇ. ಮುಂದೆ ಆ ಶಾಖಕ್ಕೆ ನೆಲೆಯಾಗಿ ನಿಂತ ಒಣ ಎಲೆ ನಮ್ಮ ದವನದ ಕುಲಕ್ಕೇ ಸೇರಿದ ಗಿಡದ್ದು.

ಅಂದರೆ ‘ಚಿ’ ಹರಿಯುವ ದಾರಿಗಳು ಯಾರೋ ಒಬ್ಬ ಋಷಿಗೆ ಒಮ್ಮೆಲೇ ಕಂಡು ಅಲ್ಲಿಂದ ಹಾಗೇ ಉಳಿದು ಬಂದವಲ್ಲ. ತಲೆಮಾರುಗಟ್ಟಲೆ ವೈದ್ಯರು ಕೂಡಿಸಿ, ಕಳೆದು, ತಿದ್ದಿ ಮಾಡಿದ ನಕ್ಷೆ ಅದು. ನಕ್ಷೆಗೆ ಪೂರ್ಣರೂಪ ಬಂದದ್ದು ‘ಹ್ವಾಂಗ್‌ದಿ ನೇಯ್‌ಜಿಂಗ್’ ಎಂಬ ಗ್ರಂಥದಲ್ಲಿ, ಹೆಚ್ಚುಕಡಿಮೆ ಕ್ರಿ.ಪೂ. ಎರಡನೆಯ ಮತ್ತು ಮೊದಲನೆಯ ಶತಮಾನಗಳ ಬರಹಗಳು ಒಟ್ಟಾದಾಗ. ಹಳದಿ ಚಕ್ರವರ್ತಿ ಪ್ರಶ್ನೆ ಕೇಳುತ್ತಾನೆ, ಚಿ ಬೋ ಮೊದಲಾದ ಮಂತ್ರಿಗಳು ಉತ್ತರ ಹೇಳುತ್ತಾರೆ. ‘ಸೂವೆನ್’, ‘ಲಿಂಗ್‌ಶು’ ಎಂಬ ಎರಡು ಭಾಗ. ಒಂದೊಂದಕ್ಕೂ 81 ಅಧ್ಯಾಯ.

ಲಿಂಗ್‌ಶುವಿನ ಹದಿನೈದನೆಯ ಅಧ್ಯಾಯವನ್ನು ಒಮ್ಮೆ ಕಾಗದ ಪೆನ್ಸಿಲ್ ಹಿಡಿದು ಓದಿ. ಅಲ್ಲಿ ಲೆಕ್ಕವಿದೆ. ಒಮ್ಮೆ ಉಸಿರು ಬಿಟ್ಟಾಗ ‘ಚಿ’ ಮೂರು ತ್ಸುನ್ ಮುಂದೆ ಸಾಗುತ್ತದೆ, ಎಳೆದುಕೊಂಡಾಗ ಇನ್ನೂ ಮೂರು. ತ್ಸುನ್ ಎಂದರೆ ನೀವು ಬಿಂದು ಹುಡುಕಲು ಬಳಸುವ ಹೆಬ್ಬೆರಳಗಲದ ಅದೇ ಅಳತೆ. ಹಾಗಾದರೆ ಒಂದು ಉಸಿರಿಗೆ ಆರು ತ್ಸುನ್. ಮೈಯೊಳಗಿನ ನಾಳಗಳ ಒಟ್ಟು ಉದ್ದ 1,620 ತ್ಸುನ್. ಆದ್ದರಿಂದ 270 ಉಸಿರಿಗೆ ಒಂದು ಸುತ್ತು ಮುಗಿಯುತ್ತದೆ. ಹಗಲು ರಾತ್ರಿ ಸೇರಿ 50 ಸುತ್ತು. ಒಟ್ಟು 13,500 ಉಸಿರು.

ಈಗ ನೀವು ಯೋಗದ ತರಗತಿಯಲ್ಲಿ ಕಲಿತ ಸಂಖ್ಯೆಯನ್ನು ನೆನಪಿಸಿಕೊಳ್ಳಿ: ದಿನಕ್ಕೆ 21,600 ಉಸಿರು, ಅಷ್ಟೇ ಸಲ ತಾನಾಗಿ ನಡೆಯುವ ಹಂಸಜಪ. ಮನುಷ್ಯ ಒಬ್ಬನೇ, ಶ್ವಾಸಕೋಶವೂ ಅದೇ. ಚೀನಾದಲ್ಲಿ ಎಣಿಸಿದರೆ ನಿಮಿಷಕ್ಕೆ ಒಂಬತ್ತು ಚಿಲ್ಲರೆ, ಭಾರತದಲ್ಲಿ ಎಣಿಸಿದರೆ ಹದಿನೈದು ಹೇಗಾಯಿತು? ಯಾರೂ ಮಲಗಿದವರ ಪಕ್ಕ ಕೂತು ದಿನವಿಡೀ ಎಣಿಸಿದ ಲೆಕ್ಕ ಇದಲ್ಲ. ನಮ್ಮ ಸಂಖ್ಯೆ 360 ಮತ್ತು 60ರ ಗುಣಲಬ್ಧ. ವರ್ಷದ ದಿನ, ದಿನದ ಘಳಿಗೆಗಳ ಲೆಕ್ಕಕ್ಕೆ ಹೊಂದುವಂಥದ್ದು. ಅವರ ಸಂಖ್ಯೆ ಆಕಾಶದ 28 ನಕ್ಷತ್ರಮನೆಗಳಿಗೂ ಮೈಯ 28 ನಾಳಗಳಿಗೂ ತಾಳೆ ಹಾಕಿದ್ದು. ಎರಡೂ ಕಡೆ ಜ್ಞಾನಿಗಳು ಮೈಯನ್ನು ಆಕಾಶಕ್ಕೆ ಹೊಂದಿಸುತ್ತಿದ್ದರು. ಆದರೆ ಅವರವರ ಆಕಾಶದ ಲೆಕ್ಕ ಬೇರೆ. ಪ್ರಾಣ ಮತ್ತು ‘ಚಿ’ ಒಂದೇ ಎಂದು ಹೇಳುವ ಮೊದಲು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಗುರಿಯಲ್ಲೂ ಅಂತರವಿದೆ. ಹಠಯೋಗದ ಗ್ರಂಥಗಳು 72,000 ನಾಡಿಗಳನ್ನು ಹೇಳಿ, ಪ್ರಾಣವನ್ನು ಸುಷುಮ್ನೆಯೊಳಗೆ ಹರಿಸಿ ಮೇಲಕ್ಕೆ ಒಯ್ಯಬೇಕೆನ್ನುತ್ತವೆ. ಸಾಧಕನಿಗೆ ಬೇಕಿರುವುದು ಬಿಡುಗಡೆ. ಆಯುರ್ವೇದದ ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನಗಳು ವಾತದ ಐದು ರೂಪಗಳು. ಅವು ದೋಷಗಳ ಲೆಕ್ಕಕ್ಕೆ ಸೇರಿದವು. ನೇಯ್‌ಜಿಂಗ್‌ನ ವೈದ್ಯನಿಗೆ ಮೋಕ್ಷದ ಚಿಂತೆಯಿಲ್ಲ. ಅವನಿಗೆ ಬೇಕಿರುವುದು ತಡೆಯಿಲ್ಲದ ಸಂಚಾರ, ವೇಳೆಗೆ ಸರಿಯಾದ ಸರಬರಾಜು, ಗಡಿಯ ಕಾವಲು.

ಸರಬರಾಜು, ಗಡಿ ಎಂಬ ಮಾತುಗಳನ್ನು ನಾನು ಸುಮ್ಮನೆ ತಂದಿಲ್ಲ. ಸೂವೆನ್‌ನ ಎಂಟನೆಯ ಅಧ್ಯಾಯದಲ್ಲಿ ಮೈಯೊಂದು ರಾಜ್ಯ. ಹೃದಯ ದೊರೆ, ಶ್ವಾಸಕೋಶ ಮಂತ್ರಿ, ಯಕೃತ್ತು ಯುದ್ಧತಂತ್ರ ಹೂಡುವ ಸೇನಾಪತಿ, ಗುಲ್ಮ ಮತ್ತು ಜಠರ ಕಣಜದ ಅಧಿಕಾರಿಗಳು. ಲಿಂಗ್‌ಶುವಿನ ಹನ್ನೆರಡನೆಯ ಅಧ್ಯಾಯದಲ್ಲಿ ಹನ್ನೆರಡು ನಾಳಗಳಿಗೆ ಚೀನಾದ ಹನ್ನೆರಡು ನದಿಗಳನ್ನು ಜೋಡಿಸಿದ್ದಾರೆ. ಶ್ವಾಸಕೋಶದ ನಾಳ ಹಳದಿ ನದಿ. ದೊಡ್ಡ ಕರುಳಿನ ನಾಳ ಯಾಂಗ್‌ತ್ಸೆ. ಕ್ರಿ.ಪೂ. 221ರಲ್ಲಿ ಚಿನ್ ದೊರೆ ಹರಿದು ಹಂಚಿಹೋಗಿದ್ದ ರಾಜ್ಯಗಳನ್ನು ಒಂದು ಮಾಡಿದ; ರಸ್ತೆ, ಕಾಲುವೆ, ಕಣಜ, ತೂಕ, ಅಳತೆ ಎಲ್ಲ ಒಂದೇ ಆಡಳಿತದ ಕೆಳಗೆ ಬಂದವು. ಒಂದು ಕಡೆ ಕಾಲುವೆ ಕಟ್ಟಿಕೊಂಡರೆ ದೂರದ ಊರಿಗೆ ಬರ ಎಂಬುದು ಜನರ ಕಣ್ಣಿಗೆ ಕಾಣುವ ಸತ್ಯವಾಯಿತು. ನೇಯ್‌ಜಿಂಗ್ ಅನ್ನು ದಶಕಗಟ್ಟಲೆ ಕೂತು ಅನುವಾದಿಸಿದ ಜರ್ಮನ್ ವಿದ್ವಾಂಸ ಪೌಲ್ ಉನ್‌ಶುಲ್ಡ್, ಮಾವಾಂಗ್‌ದುಯಿಯ ಬಿಡಿ ನಾಳಗಳು ನೇಯ್‌ಜಿಂಗ್‌ನಲ್ಲಿ ಒಂದೇ ಜಾಲವಾಗಿ ಕೂಡಿಕೊಂಡದ್ದಕ್ಕೆ ಈ ಸಾಮ್ರಾಜ್ಯದ ಅನುಭವವೇ ಹಿನ್ನೆಲೆ ಎನ್ನುತ್ತಾರೆ. ನನಗೆ ಅದು ಸರಿ ಎನಿಸುತ್ತದೆ. ಹನ್ನೊಂದು ಬಿಡಿ ನಾಳಗಳಿದ್ದದ್ದು ಹನ್ನೆರಡಾಗಿ, ವೃತ್ತವಾಗಿ, ನದಿಗಳಿಗೆ ಜೊತೆಯಾದದ್ದನ್ನು ಮತ್ತೆ ಹೇಗೆ ವಿವರಿಸುವುದು?

ಇಷ್ಟು ಹೇಳಿದ ಮೇಲೆ ‘ಚಿ’ ಬರೀ ರೂಪಕ ಎಂದು ತಳ್ಳಿಬಿಡಬೇಡಿ. ವೈದ್ಯನಿಗೆ ಅದು ನಿತ್ಯದ ಕೆಲಸಕ್ಕೆ ಬಂತು. ಉಂಡ ಧಾನ್ಯದಿಂದ ಒಂದು ‘ಚಿ’ ಏಳುತ್ತದೆ, ಎದೆಯಲ್ಲಿ ಅದು ಉಸಿರಿನ ಜೊತೆ ಸೇರುತ್ತದೆ. ತಿಳಿಯಾದ ಭಾಗ ನಾಳದೊಳಗೆ ರಕ್ತದ ಜೊತೆ ಹರಿದು ಪೋಷಿಸುತ್ತದೆ, ಅದು ಯಿಂಗ್. ರಭಸದ ಭಾಗ ನಾಳದ ಹೊರಗೆ, ಚರ್ಮದ ಕೆಳಗೆ ಓಡಾಡುತ್ತ ರೋಮರಂಧ್ರಗಳನ್ನು ತೆರೆದು ಮುಚ್ಚಿ ಕಾವಲು ಕಾಯುತ್ತದೆ, ಅದು ವೇಯ್. ಹಗಲು ವೇಯ್ ಹೊರಮೈಯಲ್ಲಿ 25 ಸುತ್ತು ಬರುತ್ತದೆ, ರಾತ್ರಿ ಒಳಗಿನ ಅಂಗಗಳಲ್ಲಿ 25 ಸುತ್ತು. ಕಾವಲಿನವರು ಒಳಗೆ ಹೋದಾಗ ಕಣ್ಣು ಮುಚ್ಚುತ್ತದೆ. ಮುದುಕರಿಗೆ ರಾತ್ರಿ ನಿದ್ದೆ ಏಕೆ ಬಾರದು ಎಂದು ಚಕ್ರವರ್ತಿ ಕೇಳಿದರೆ, ಪೋಷಿಸುವ ‘ಚಿ’ ಕ್ಷೀಣಿಸಿ ಕಾಯುವ ‘ಚಿ’ ಒಳಗೇ ಗಲಾಟೆ ಮಾಡುತ್ತದೆ ಎಂಬ ಉತ್ತರ ಬರುತ್ತದೆ. ಚಳಿ, ಬೆವರು, ಹಸಿವು, ನಿದ್ದೆ, ಮುಪ್ಪು, ಇಷ್ಟನ್ನೂ ಒಂದೇ ಎಳೆಯಲ್ಲಿ ಪೋಣಿಸಿ ರೋಗಿಗೆ ಅರ್ಥವಾಗುವಂತೆ ಹೇಳಬಲ್ಲ ವಿವರಣೆ ಆ ಕಾಲದಲ್ಲಿ ಬೇರೆ ಎಷ್ಟು ಕಡೆ ಇತ್ತು?

ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಗಡಿಯಾರವಿಲ್ಲದ ಕಾಲದಲ್ಲಿ ನಾಡಿ ಎಣಿಸುವುದು ಹೇಗೆ? ಸೂವೆನ್‌ನ ಹದಿನೆಂಟನೆಯ ಅಧ್ಯಾಯ ಹೇಳುವ ದಾರಿ ಹೀಗಿದೆ: ವೈದ್ಯನಿಗೆ ಕಾಯಿಲೆಯಿಲ್ಲ, ಆದ್ದರಿಂದ ಅವನು ತನ್ನ ಉಸಿರನ್ನು ಸಮ ಮಾಡಿಕೊಂಡು ಅದಕ್ಕೆ ರೋಗಿಯ ನಾಡಿಯನ್ನು ಅಳೆಯಬೇಕು. ರೋಗಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಡುವ ಮೊದಲು ವೈದ್ಯ ತಾನು ಶಾಂತವಾಗಬೇಕು. ಅವಸರದಲ್ಲಿ ಬಂದ ವೈದ್ಯನ ಲೆಕ್ಕ ತಪ್ಪುತ್ತದೆ. ಸೂಜಿ ಇಳಿಸಿದಾಗ ರೋಗಿಗೆ ಆಗುವ ಜೋಮು, ಭಾರ, ಬಿಗಿತ, ಒಂಥರಾ ಹುಳಿನೋವು, ಇದನ್ನೇ ಅವರು ‘ಚಿ’ ಬಂತು ಎಂದರು. ತ್ಸುಸಾನ್‌ಲಿ ಬಿಂದುವನ್ನು ನೀವು ಹುಡುಕುವುದು ಮಂಡಿಚಿಪ್ಪಿನ ಕೆಳಗಿನ ಹೊರಗುಳಿಯಿಂದ ನಾಲ್ಕು ಬೆರಳು ಕೆಳಗೆ, ಕಣಕಾಲಿನ ಎಲುಬಿನ ಅಂಚಿನಿಂದ ಒಂದು ಬೆರಳು ಹೊರಕ್ಕೆ. ಆ ಬೆರಳುಗಳು ರೋಗಿಯವು, ನಿಮ್ಮವಲ್ಲ. ಎತ್ತರದವರಿಗೆ ಅವರ ಅಳತೆ, ಮಗುವಿಗೆ ಮಗುವಿನ ಅಳತೆ. ಎದುರಿಗಿರುವ ಮೈಯನ್ನು ಅದರದೇ ಅಳತೆಯಲ್ಲಿ ನೋಡಬೇಕೆಂಬ ಈ ಶಿಸ್ತನ್ನು ಗೌರವದಿಂದ ಕಲಿಯಿರಿ.

ಚೀನೀ ವೈದ್ಯರು ಈ ಕಲ್ಪನೆಯನ್ನು ಪೂಜೆಯ ಮೂರ್ತಿ ಮಾಡಿ ಕೂರಿಸಲೂ ಇಲ್ಲ. 1641ರಲ್ಲಿ ಮಿಂಗ್ ಸಾಮ್ರಾಜ್ಯದ ಕೊನೆಗಾಲದಲ್ಲಿ ಹಲವು ಪ್ರಾಂತ್ಯಗಳಲ್ಲಿ ಸಾಂಕ್ರಾಮಿಕ ರೋಗ ಹಬ್ಬಿತು. ಹಳೆಯ ಗ್ರಂಥಗಳ ಪ್ರಕಾರ ಜ್ವರಕ್ಕೆ ಕಾರಣ ಚಳಿ, ಗಾಳಿ, ಶಾಖ, ತೇವ. ಸುಝೌ ಕಡೆಯ ವೈದ್ಯ ವು ಯೂಶಿಂಗ್ ಮರುವರ್ಷ ಬರೆದ ಪುಸ್ತಕದಲ್ಲಿ ಅದನ್ನು ಒಪ್ಪಲಿಲ್ಲ. ಹವಾಮಾನಕ್ಕೆ ಸಂಬಂಧವಿಲ್ಲದ ಬೇರೊಂದು ಬಗೆಯ ‘ಚಿ’ ಇದೆ, ಅದು ಬಾಯಿ ಮೂಗಿನಿಂದ ಒಳಗೆ ಬರುತ್ತದೆ, ಒಂದೊಂದು ರೋಗಕ್ಕೆ ಒಂದೊಂದು ಬಗೆ ಎಂದ. ದನಕ್ಕೆ ಬಂದದ್ದು ಕುರಿಗೆ ಬಾರದು, ಕೋಳಿಗೆ ಬಂದದ್ದು ಬಾತುಕೋಳಿಗೆ ಬಾರದು ಎಂಬುದನ್ನು ಗಮನಿಸಿ ಅದನ್ನೇ ಸಾಕ್ಷಿಯಾಗಿ ಇಟ್ಟ. ಸೂಕ್ಷ್ಮಾಣುವನ್ನು ಯಾರೂ ಕಾರಣವೆಂದು ತೋರಿಸಿರದ ಕಾಲದಲ್ಲಿ ಕೈಲಿದ್ದ ಕಲ್ಪನೆಯನ್ನೇ ಬಗ್ಗಿಸಿ ಇಷ್ಟು ದೂರ ತಲುಪಿದ.

ಮತ್ತೊಬ್ಬ ವಾಂಗ್ ಚಿಂಗ್‌ರೆನ್. 1797ರಲ್ಲಿ ಲುವಾನ್‌ಝೌ ಎಂಬಲ್ಲಿ ಮಕ್ಕಳಿಗೆ ಮಾರಿ ಬಡಿದಿತ್ತು. ಬಡವರು ಸತ್ತ ಮಕ್ಕಳನ್ನು ಚಾಪೆಯಲ್ಲಿ ಸುತ್ತಿ ಮೇಲೆಮೇಲೆ ಹೂಳುತ್ತಿದ್ದರು; ನಾಯಿಗಳು ಎಳೆದು ಬಿಸಾಡುತ್ತಿದ್ದವು. ಅಂಗಗಳ ಬಗ್ಗೆ ಹಳೆಯ ಗ್ರಂಥಗಳು ಹೇಳಿದ್ದು ಸರಿಯೇ ಎಂಬ ಅನುಮಾನ ಹೊತ್ತಿದ್ದ ವಾಂಗ್, ಮೂಗು ಮುಚ್ಚಿಕೊಳ್ಳದೆ ದಿನಾ ಬೆಳಿಗ್ಗೆ ಆ ಸ್ಮಶಾನಕ್ಕೆ ಹೋಗಿ ನೋಡಿದ. 1830ರಲ್ಲಿ ಹೊರಬಂದ ‘ಯಿಲಿನ್ ಗಾಯ್‌ತ್ಸುವೊ’ದಲ್ಲಿ ಹಿಂದಿನವರ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಹೇಳಿದ. ಅವನೂ ಒಂದು ಕಡೆ ಎಡವಿದ. ಹೆಣದಲ್ಲಿ ಧಮನಿಗಳು ಬರಿದಾಗಿ ಕಾಣುತ್ತವೆ; ಹಾಗಾಗಿ ಅವುಗಳಲ್ಲಿ ರಕ್ತವಲ್ಲ, ‘ಚಿ’ ಓಡುತ್ತದೆ ಎಂದುಕೊಂಡ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ವೈದ್ಯ ಎರಾಸಿಸ್ಟ್ರಾಟಸ್ ಅದೇ ಬರಿದಾದ ಧಮನಿ ನೋಡಿ, ಅದರಲ್ಲಿ ನ್ಯೂಮ ಎಂಬ ಜೀವವಾಯು ಓಡುತ್ತದೆ ಎಂದಿದ್ದ. ಆ ತಪ್ಪಿನಲ್ಲೂ ಒಂದು ದೊಡ್ಡತನವಿದೆ: ಇಬ್ಬರೂ ಕಣ್ಣಿಟ್ಟು ನೋಡಿದ್ದರು. ದೇಹವನ್ನು ತೆರೆದು ನೋಡದೆಯೇ “ಇಲ್ಲಿ ಬ್ಲಾಕ್ ಆಗಿದೆ” ಎನ್ನುವುದು ಇವರ ಪರಂಪರೆಗೆ ಸೇರಿದ ಮಾತಲ್ಲ.

ನೀವು ಹಿಡಿಯುವ ಕೂದಲೆಳೆಯಂಥ ಸೂಜಿಯ ಅಭ್ಯಾಸದಲ್ಲೂ ಪ್ರಾಚೀನವಾದದ್ದು ನೀವಂದುಕೊಂಡಿರುವಷ್ಟು ಇಲ್ಲ. 1822ರಲ್ಲಿ ದಾವ್‌ಗ್ವಾಂಗ್ ಚಕ್ರವರ್ತಿ ರಾಜವೈದ್ಯಶಾಲೆಯಲ್ಲಿ ಸೂಜಿಚಿಕಿತ್ಸೆಯನ್ನೇ ನಿಲ್ಲಿಸಿಬಿಟ್ಟ. 1929ರಲ್ಲಿ ಹಳೆಯ ವೈದ್ಯವನ್ನು ಪೂರಾ ರದ್ದು ಮಾಡಬೇಕೆಂಬ ಯು ಯುನ್‌ಶ್ಯು ಅವರ ಪ್ರಸ್ತಾವ ಸರ್ಕಾರದ ಮುಂದೆ ಬಂತು; ಶಾಂಘೈಯಲ್ಲಿ ಮಾರ್ಚ್ 17ರಂದು ವೈದ್ಯರು ಸೇರಿ ಪ್ರತಿಭಟಿಸಿದ ಮೇಲೆ ಅದು ಬಿದ್ದುಹೋಯಿತು. 1930ರ ದಶಕದಲ್ಲಿ ಚೆಂಗ್ ದಾನ್‌ಆನ್ ಸೂಜಿ ಕಲೆಯನ್ನು ಹೊಸದಾಗಿ ಕಟ್ಟಿದರು. ಹಿಂದೆ ರಕ್ತ ಬಿಡಿಸುವುದಕ್ಕೂ ಸೂಜಿ ಬಳಸುತ್ತಿದ್ದುದರಿಂದ ಹಲವು ಬಿಂದುಗಳು ರಕ್ತನಾಳದ ಮೇಲೇ ಇದ್ದವು. ಚೆಂಗ್ ಅವನ್ನು ಪಕ್ಕಕ್ಕೆ ಸರಿಸಿ, ನರಗಳ ಹಾದಿಗೆ ಹೊಂದಿಸಿ, ತೆಳು ಸೂಜಿಯನ್ನು ರೂಢಿಗೆ ತಂದರು. ಮಾವೋ ಸರ್ಕಾರ 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಝೌ, ಚೆಂಗ್ದುಗಳಲ್ಲಿ ಕಾಲೇಜು ತೆರೆದು ಹಳೆಯ ವೈದ್ಯಕ್ಕೆ ಒಂದೇ ಪಠ್ಯಕ್ರಮ ಮಾಡಿತು. ಭಾರತಕ್ಕೆ ಈ ವಿದ್ಯೆ ತಂದವರು ಬಿಜೊಯ್ ಕುಮಾರ್ ಬಸು. 1938ರಲ್ಲಿ ದ್ವಾರಕಾನಾಥ ಕೋಟ್ನಿಸ್ ಜೊತೆ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರು. ಮುಂದೆ ಮತ್ತೆ ಹೋಗಿ ಸೂಜಿ ಕಲಿತು ಬಂದು 1959ರಲ್ಲಿ ಕೋಲ್ಕತ್ತದಲ್ಲಿ ಚಿಕಿತ್ಸೆ ಆರಂಭಿಸಿದರು. 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಮಾನ್ಯ ಮಾಡಿದೆ. ಹೊಣೆ ಈಗ ನಿಮ್ಮ ತಲೆಮಾರಿನದು.

ನನ್ನನ್ನು ಹೆಚ್ಚು ಕಾಡುವುದು ಇಪ್ಪತ್ತನೆಯ ಶತಮಾನದ ಇನ್ನೊಂದು ಕಥೆ. ‘ಚಿ’ಯನ್ನು ವಸ್ತುವಾಗಿ ಹಿಡಿದು ತೋರಿಸಬೇಕೆಂಬ ಹಟ. ಉತ್ತರ ಕೊರಿಯಾದ ಕಿಮ್ ಬೊಂಗ್‌ಹಾನ್ 1960ರ ದಶಕದ ಆರಂಭದಲ್ಲಿ ‘ಚಿ’ಯ ನಾಳಗಳನ್ನೇ ದೇಹದಲ್ಲಿ ಕಂಡೆನೆಂದು ಸಾರಿದರು. ಅವರ ಸಂಶೋಧನೆ ದೊಡ್ಡ ಸುದ್ದಿಯಾಯಿತು, ಆ ದಶಕ ಮುಗಿಯುವ ಮೊದಲೇ ನಿಂತೂಹೋಯಿತು. ಚೀನಾದಲ್ಲಿ 1980ರ ದಶಕದಲ್ಲಿ ಚಿಗಾಂಗ್ ಜ್ವರ ಹಬ್ಬಿತು. ಕೈಯಿಂದ ‘ಚಿ’ ಹೊರಸೂಸಿ ರೋಗ ವಾಸಿ ಮಾಡುತ್ತೇವೆನ್ನುವ ಗುರುಗಳ ಉಪನ್ಯಾಸಕ್ಕೆ ಸಾವಿರಾರು ಜನ ಕ್ರೀಡಾಂಗಣಗಳಲ್ಲಿ ಸೇರುತ್ತಿದ್ದರು. ವಿಶ್ವದ ಸಂದೇಶ ಹಿಡಿಯಲೆಂದು ತಲೆಯ ಮೇಲೆ ಲೋಹದ ಪಾತ್ರೆ ಹೊತ್ತು ಕೂತವರ ಚಿತ್ರಗಳು ಉಳಿದಿವೆ. ಯಾನ್ ಶಿನ್ ಎಂಬ ಗುರು ದೂರದಿಂದಲೇ ನೀರಿನ ಅಣುಗಳನ್ನು ಬದಲಿಸುತ್ತೇನೆಂದರೆ ಅದನ್ನು ಪ್ರಯೋಗಾಲಯದಲ್ಲಿ ದಾಖಲಿಸಲು ವಿಜ್ಞಾನಿಗಳು ಮುಂದೆ ಬಂದರು. ಚೀನಾದ ಕ್ಷಿಪಣಿ ಕಾರ್ಯಕ್ರಮದ ಪಿತಾಮಹ ಚ್ಯಾನ್ ಶುಯೆಸೆನ್ ಅವರಂಥವರೇ ಬೆಂಬಲಕ್ಕೆ ನಿಂತರು. ಭೌತವಿಜ್ಞಾನಿ ಹೆ ಝುವೊಶಿಯು ಅವರಂಥ ಕೆಲವರು ಮಾತ್ರ ಎದುರು ನಿಂತು ಬರೆದರು. ಕ್ರೀಡಾಂಗಣದಲ್ಲಿ ಕೂತ ಜನರನ್ನು ನಾನು ಹಳಿಯಲಾರೆ. ಅದೇ ವರ್ಷಗಳಲ್ಲಿ ಹಳ್ಳಿಗಳ ಸಹಕಾರಿ ವೈದ್ಯ ವ್ಯವಸ್ಥೆ ಕುಸಿದಿತ್ತು. ಆಸ್ಪತ್ರೆಗೆ ಕೊಡಲು ಹಣವಿಲ್ಲದವರಿಗೆ ಯಾರಾದರೊಬ್ಬರು ಬರಿಗೈಯಿಂದ ವಾಸಿ ಮಾಡುತ್ತೇನೆಂದರೆ ಹೋಗದೆ ಏನು ಮಾಡುತ್ತಾರೆ? ನನ್ನ ಕೋಪವೆಲ್ಲ ವಿದ್ಯಾವಂತರ ಮೇಲೆ. ಬಿಳಿ ಕೋಟು ಹಾಕಿದವರು ಹೌದೆಂದರೆ ಜನ ನಂಬುತ್ತಾರೆ. ಮುಂದೆ ಆ ಬಿಳಿ ಕೋಟು ನಿಮ್ಮ ಮೈಮೇಲೂ ಇರುತ್ತದೆ. “ಬಯೋ ಎನರ್ಜಿ”, “ಕ್ವಾಂಟಮ್ ಫೀಲ್ಡ್” ಎಂಬ ಮಾತುಗಳನ್ನು ನಿಮ್ಮ ಬಾಯಲ್ಲಿ ಕೇಳಿದ ರೋಗಿ ಅದನ್ನು ಶಾಸ್ತ್ರವೆಂದೇ ತಿಳಿಯುತ್ತಾರೆ.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಬೀಜಿಂಗ್‌ನ ಹಾನ್ ಜಿಶೆಂಗ್ ‘ಚಿ’ಯನ್ನು ಹುಡುಕಲು ಹೊರಡಲಿಲ್ಲ; ಸೂಜಿ ಹಾಕಿದರೆ ನೋವು ಕಡಿಮೆಯಾಗುತ್ತದೆಯೇ, ಆದರೆ ಏಕೆ ಎಂದು ಕೇಳಿದರು. 1970ರ ದಶಕದ ಆರಂಭದಲ್ಲಿ, ಸೂಜಿ ಚಿಕಿತ್ಸೆ ಪಡೆದ ಮೊಲದ ಮಿದುಳಿನ ದ್ರವವನ್ನು ಇನ್ನೊಂದು ಮೊಲಕ್ಕೆ ಕೊಟ್ಟು, ಎರಡನೆಯದಕ್ಕೂ ನೋವು ತಗ್ಗುವುದನ್ನು ತೋರಿಸಿದರು. ಮಿದುಳಿನಲ್ಲಿ ಯಾವುದೋ ರಾಸಾಯನಿಕ ಬಿಡುಗಡೆಯಾಗುತ್ತಿದೆ ಎಂಬ ಸೂಚನೆ ಅದು. ಎಂಡಾರ್ಫಿನ್‌ಗಳ ಮೇಲಿನ ಅವರ ಕೆಲಸಕ್ಕೆ ಅದೇ ಬುನಾದಿ.

ಇನ್ನು ರೋಗಿಗಳ ಮೇಲೆ ನಡೆದ ಪ್ರಯೋಗಗಳು. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವನ್ನು ನೀವು ಓದಲೇಬೇಕು. ದೀರ್ಘಕಾಲದ ಸೊಂಟನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬಿಂದುಗಳಲ್ಲದ ಕಡೆ, ಮೇಲೆಮೇಲೆ ಸೂಜಿ. ಮೂರನೆಯದಕ್ಕೆ ಔಷಧ, ವ್ಯಾಯಾಮಗಳ ಮಾಮೂಲಿ ಚಿಕಿತ್ಸೆ. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಸೂಜಿ ಎಲ್ಲಿ ಚುಚ್ಚಿದರೂ ಮಾಮೂಲಿ ಚಿಕಿತ್ಸೆಗಿಂತ ಮೇಲಾಯಿತು. ಆದರೆ ಸರಿಯಾದ ಜಾಗ, ತಪ್ಪಾದ ಜಾಗ ಎಂಬ ಭೇದ ಹೆಚ್ಚುಕಡಿಮೆ ಅಳಿಸಿಹೋಯಿತು. 39 ಪ್ರಯೋಗಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟು ಮಾಡಿದ 2018ರ ವಿಶ್ಲೇಷಣೆಯಲ್ಲಿ ನಿಜ ಸೂಜಿಗೂ ತೋರಿಕೆ ಸೂಜಿಗೂ ವ್ಯತ್ಯಾಸ ಕಂಡಿದೆ, ಆದರೆ ಅದು ಚಿಕ್ಕದು. ನಾಳಗಳ ಹಾದಿಯೇ ಗುಣಕ್ಕೆ ಮುಖ್ಯ ಕಾರಣವಾಗಿದ್ದರೆ ಅಂತರ ಇಷ್ಟು ಕಿರಿದಾಗುತ್ತಿರಲಿಲ್ಲ. ಹಾಗೆಂದು ರೋಗಿಗೆ ಸಿಕ್ಕ ನೆಮ್ಮದಿಯೂ ಸುಳ್ಳಲ್ಲ. ವರ್ಷಗಳಿಂದ ಬಗ್ಗಲಾರದೆ ಇದ್ದವರು ಬಗ್ಗಿ ಚಪ್ಪಲಿ ಹಾಕಿಕೊಳ್ಳುವಂತಾದರೆ ಅದು ಸಣ್ಣ ಸಂಗತಿಯೇ?

ಇದನ್ನು ಹೇಳುತ್ತಾ ನನ್ನ ಬೀದಿಯಲ್ಲೇ ನಡೆದದ್ದೊಂದನ್ನು ಹೇಳದಿರಲಾರೆ. ನೆರೆಮನೆಯ ಹೆಂಗಸೊಬ್ಬರಿಗೆ ಅಂಗಾಲು ಉರಿ. ಕಾಲಿನಲ್ಲಿ ಶಕ್ತಿಯ ಹರಿವು ನಿಂತಿದೆ ಎಂದು ಒಬ್ಬ ಚಿಕಿತ್ಸಕರು ತಿಂಗಳುಗಟ್ಟಲೆ ಸೂಜಿ ಹಾಕಿದರು. ಆಕೆಗೂ ನಂಬಿಕೆ, ಚಿಕಿತ್ಸಕರಿಗೂ ನಂಬಿಕೆ, ಯಾರದೂ ಮೋಸವಲ್ಲ. ಪಾದದ ಗಾಯ ಮಾಯದೆ ಕೀವಾದಾಗ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಎಷ್ಟೋ ಕಾಲದಿಂದ ಇತ್ತು. ಒಂದು ಬೆರಳು ತೆಗೆಯಬೇಕಾಯಿತು. ಅಂಗಾಲು ಉರಿಗೆ ಮೊದಲು ಮಾಡಬೇಕಾದದ್ದು ಸಕ್ಕರೆ, ಬಿ12, ಥೈರಾಯ್ಡ್ ಪರೀಕ್ಷೆಗಳನ್ನು. “ಬ್ಲಾಕ್ ಆಗಿದೆ” ಎಂಬ ಉತ್ತರದ ಅಪಾಯ ಇಲ್ಲಿದೆ: ಅದು ಕೇಳಿದವರಿಗೂ ಹೇಳಿದವರಿಗೂ ತೃಪ್ತಿ ಕೊಟ್ಟುಬಿಡುತ್ತದೆ. ಮುಂದಿನ ಪ್ರಶ್ನೆ ಹುಟ್ಟುವುದೇ ಇಲ್ಲ.

ಹಾಗಾದರೆ ಏನು ಹೇಳಬೇಕು? ನಾನಾದರೆ ಹೀಗೆ ಹೇಳುತ್ತೇನೆ: “ಅಮ್ಮಾ, ಇದು ಚೀನಾದಲ್ಲಿ ಎರಡು ಸಾವಿರ ವರ್ಷದಿಂದ ಬೆಳೆದು ಬಂದ ಚಿಕಿತ್ಸೆ. ಮೈಯೊಳಗೆ ಚಿ ಹರಿಯುತ್ತೆ, ಸೂಜಿ ಅದನ್ನು ಸರಿಪಡಿಸುತ್ತೆ ಅಂತ ಅವರು ವಿವರಿಸುತ್ತಿದ್ದರು. ಅಂಥ ನಾಳ ದೇಹದಲ್ಲಿ ಇದೆ ಅಂತ ಸಾಬೀತಾಗಿಲ್ಲ. ಸೂಜಿ ನರಗಳನ್ನು ಕೆಣಕುತ್ತೆ, ಮಿದುಳು ನೋವು ತಗ್ಗಿಸುವ ರಾಸಾಯನಿಕ ಬಿಡುತ್ತೆ. ನಿಮ್ಮಂಥ ಸೊಂಟನೋವಿನಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅನುಕೂಲವಾಗಿದೆ. ಇಷ್ಟು ಸಲ ಹಾಕಿ ನೋಡೋಣ, ಗುಣ ಕಾಣದಿದ್ದರೆ ನಿಲ್ಲಿಸೋಣ. ಬೇರೆ ಔಷಧ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಬೇಡಿ.” ಇಷ್ಟು ಹೇಳಲು ಒಂದು ನಿಮಿಷ ಸಾಕು. ಇದನ್ನು ಕೇಳಿ ರೋಗಿ ಎದ್ದು ಹೋಗುತ್ತಾರೆಂಬ ಭಯ ಬೇಡ. ನಮ್ಮ ಜನಕ್ಕೆ ನೇರ ಮಾತು ಅರ್ಥವಾಗುತ್ತದೆ.

ಕೈಯ ವಿಷಯದಲ್ಲೂ ಅಷ್ಟೇ ಎಚ್ಚರ ಇರಲಿ. ಹೆಗಲ ಮೇಲಿನ ಜಿಯಾನ್‌ಜಿಂಗ್ ಬಿಂದುವಿನ ಕೆಳಗೆ ಶ್ವಾಸಕೋಶದ ತುದಿ ಇದೆ. ಅಲ್ಲಿ ಸೂಜಿ ಆಳಕ್ಕೆ ಇಳಿದು ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ತೆಳು ಮೈಯವರಲ್ಲಿ ಅದಕ್ಕೆ ಬಹಳ ಆಳ ಬೇಕಾಗುವುದೂ ಇಲ್ಲ. ನಾಳದ ನಕ್ಷೆ ಬಾಯಿಪಾಠ ಮಾಡುವಾಗ ಪಕ್ಕದಲ್ಲೇ ಅಂಗರಚನೆಯ ಪುಸ್ತಕ ತೆರೆದಿಟ್ಟುಕೊಳ್ಳಿ. ನೇಯ್‌ಜಿಂಗ್‌ನವರೂ ಇದನ್ನು ಬೇಡವೆನ್ನುತ್ತಿರಲಿಲ್ಲ. ನದಿಗಳನ್ನು ನಾಳಗಳಿಗೆ ಜೋಡಿಸಿದ ಅದೇ ಅಧ್ಯಾಯದಲ್ಲಿ, ಸತ್ತವರ ಮೈಯನ್ನು ಬಿಡಿಸಿ ನೋಡಬಹುದು ಎಂಬ ಮಾತೂ ಇದೆ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ಉನ್‌ಶುಲ್ಡ್ ಅವರ ಸೂವೆನ್ ಮತ್ತು ಲಿಂಗ್‌ಶು ಅನುವಾದಗಳು ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ತರಿಸಲು ಅರ್ಜಿ ಹಾಕಿ. ಬೆಲೆ ಹೆಚ್ಚು, ಒಬ್ಬರಿಗೆ ಕೊಳ್ಳುವುದು ಕಷ್ಟ. ನಾಲ್ಕಾರು ಜನ ಸೇರಿ ಸಹಿ ಹಾಕಿದರೆ ಪ್ರಾಂಶುಪಾಲರು ಇಲ್ಲವೆನ್ನಲಾರರು. ಲಿಂಗ್‌ಶುವಿನ ಹದಿನೈದನೆಯ ಅಧ್ಯಾಯ ಮತ್ತು 2007ರ ಜರ್ಮನ್ ಅಧ್ಯಯನ, ಎರಡನ್ನೂ ಒಂದೇ ವಾರದ ಸೆಮಿನಾರಿಗೆ ಇಟ್ಟುಕೊಳ್ಳಿ. ಉಸಿರಿನ ಲೆಕ್ಕವನ್ನು ಒಬ್ಬರು ಹಲಗೆಯ ಮೇಲೆ ಬಿಡಿಸಲಿ, ಶೇಕಡಾ ಲೆಕ್ಕವನ್ನು ಇನ್ನೊಬ್ಬರು. ಆಯುರ್ವೇದದ ಗೆಳೆಯರನ್ನೂ ಕರೆಯಿರಿ. 21,600ರ ಬಗ್ಗೆ ಅವರಿಗೆ ಹೇಳಲು ಬಹಳವಿರುತ್ತದೆ.

ವಿಶ್ವಾಸದಿಂದ,
ನಿಮ್ಮ ಹಿರಿಯ ಅಧ್ಯಾಪಕರಲ್ಲೊಬ್ಬ